ಗದ್ದೆಯಂಚಿನ ಗರುಗ

ಸಾಗರ, ಹೊಸನಗರ, ತೀರ್ಥಹಳ್ಳಿ - ಶಿವಮೊಗ್ಗ ಜಿಲ್ಲೆಯ ಈ ಮೂರು ತಾಲ್ಲೂಕುಗಳಿಗೆ ಪ್ರವಾಸ ಬರುವವರು ಸಾಮಾನ್ಯವಾಗಿ ದೂರಕ್ಕೆ ಕಣ್ಣು ಹಾಯಿಸುವವರು. ಜೋಗದ ನೀರು, ಇಕ್ಕೇರಿಯ ಅಘೋರೇಶ್ವರ, ನಗರದ ಕೋಟೆ, ಕೊಡಚಾದ್ರಿಯ ತುದಿ, ಕವಲೇದುರ್ಗದ ಕಲ್ಲುಹಾಸು, ಆಗುಂಬೆಯ ಸೂರ್ಯಾಸ್ತ - ಇಷ್ಟನ್ನು ನೋಡಿ ಫೋಟೊ ತೆಗೆದುಕೊಂಡರೆ ಮಲೆನಾಡನ್ನು ನೋಡಿದ ಹಾಗಾಯಿತು. ತಪ್ಪೇನಿಲ್ಲ, ನೋಡಬೇಕಾದವೇ ಎಲ್ಲ. ಆದರೆ ಇಲ್ಲಿ ತಲೆ ತಗ್ಗಿಸಿ, ಕಾಲಬುಡದಲ್ಲಿ ನೋಡಬೇಕಾದದ್ದೂ ಬಹಳ ಉಂಟು. ಅದಕ್ಕೆ ಟಿಕೆಟಿಲ್ಲ, ಬೋರ್ಡಿಲ್ಲ, ಗೈಡುಗಳಿಲ್ಲ. ಅಂಥದ್ದೊಂದು ಪುಟ್ಟ ಗಿಡವನ್ನು ಹಿಡಿದು ಈ ಮೂರು ತಾಲ್ಲೂಕುಗಳನ್ನು ಸುತ್ತಿ ಬರೋಣ. ಗಿಡದ ಹೆಸರು ಗರುಗ. ಕೆಲವರ ಬಾಯಲ್ಲಿ ಗರ್ಗ, ಇನ್ನು ಕೆಲವರಿಗೆ ಗರಗದ ಸೊಪ್ಪು. ಪಂಡಿತರ ಪುಸ್ತಕದಲ್ಲಿ ಭೃಂಗರಾಜ.

ಗಿಡದ ಪರಿಚಯಕ್ಕೆ ಮೊದಲು ಅದು ನಿಂತ ನೆಲದ ಪರಿಚಯವಾಗಬೇಕು. ಈ ಸೀಮೆಯ ನೀರಿಗೆ ಎರಡು ದಾರಿ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರ, ಸಾಗರಗಳನ್ನು ಹಾದು, ಜೋಗದಲ್ಲಿ ಧುಮುಕಿ, ಹೊನ್ನಾವರದ ಬಳಿ ಪಶ್ಚಿಮದ ಕಡಲನ್ನು ಸೇರುತ್ತದೆ. ಸಾಗರದ ಹತ್ತಿರ ವರದಾಮೂಲದಲ್ಲಿ ಹುಟ್ಟುವ ವರದೆಯೂ ತೀರ್ಥಹಳ್ಳಿಯ ಪೇಟೆಯನ್ನು ಬಳಸಿ ಹರಿಯುವ ತುಂಗೆಯೂ ಪೂರ್ವಕ್ಕೆ ಮುಖ ಮಾಡಿ ಕೊನೆಗೆ ಕೃಷ್ಣೆಯೊಡನೆ ಬಂಗಾಳ ಕೊಲ್ಲಿಗೆ ಹೋಗುತ್ತವೆ. ಈ ಹೊಳೆಗಳಿಗೆ ಸೇರುವ ಮೊದಲು ನೀರು ಗುಡ್ಡದ ಒರತೆಯಾಗಿ, ಕೆರೆಯಾಗಿ, ಅಡಿಕೆ ತೋಟದ ಬಸಿಗಾಲುವೆಯಾಗಿ, ಗದ್ದೆಯಿಂದ ಗದ್ದೆಗೆ ಇಳಿಯುವ ಸಣ್ಣ ಧಾರೆಯಾಗಿ ಊರೂರು ಅಲೆಯುತ್ತದೆ. ಎಲ್ಲಿ ಹೀಗೆ ನೀರು ಅಲೆಯುತ್ತದೆಯೋ ಅಲ್ಲಿ ಗರುಗ.

ಮಳೆಗಾಲ ಮುಗಿದು, ನೆಲದ ತೇವ ಇನ್ನೂ ಆರದ ಕಾರ್ತಿಕದ ದಿನಗಳು ಇದನ್ನು ನೋಡಲು ಒಳ್ಳೆಯ ಕಾಲ. ಸಾಗರದ ಪೇಟೆಯಿಂದ ಕೆಳದಿಗೆ ಹೋಗಲಿ, ಇಕ್ಕೇರಿಗೆ ಹೋಗಲಿ, ಬಸ್ಸಿನಿಂದ ಒಂದು ನಿಲ್ದಾಣ ಮೊದಲೇ ಇಳಿದು ನಡೆದರೆ ಸಾಕು. ಗದ್ದೆಯಂಚಿನಲ್ಲಿ, ಮೋರಿಯ ಬಾಯಲ್ಲಿ, ಕೆರೆ ಏರಿಯ ಬುಡದಲ್ಲಿ ಒಂದಡಿ, ಹೆಚ್ಚೆಂದರೆ ಎರಡಡಿ ಎತ್ತರದ, ಅರ್ಧ ಮಲಗಿ ಅರ್ಧ ಎದ್ದ ಹಸಿರು ಗಿಡ ಸಿಗುತ್ತದೆ. ತುದಿಯಲ್ಲಿ ಅಂಗಿಯ ಗುಂಡಿಯಷ್ಟೇ ಅಗಲದ ಬಿಳಿ ಹೂವು.

ಒಂದು ಹೂವಲ್ಲ, ಹಲವು ಹೂವು

ಗರುಗ ಸೇವಂತಿಗೆಯ ಕುಟುಂಬಕ್ಕೆ ಸೇರಿದ ಗಿಡ. ಸೂರ್ಯಕಾಂತಿ, ಚೆಂಡುಹೂವು, ಡೇಲಿಯಾ ಎಲ್ಲ ಇದರ ನೆಂಟರು. ಈ ಕುಟುಂಬದ ವಿಶೇಷವನ್ನು ವಿದ್ಯಾರ್ಥಿಗಳು ಪಠ್ಯಪುಸ್ತಕದಲ್ಲಿ ಓದಿರುತ್ತಾರೆ. ನಾವು ಒಂದು ಹೂವೆಂದು ಕರೆಯುವುದು ನಿಜಕ್ಕೂ ಒಂದು ಹೂವಲ್ಲ, ಒಂದೇ ತಟ್ಟೆಯಲ್ಲಿ ಒತ್ತೊತ್ತಾಗಿ ಕುಳಿತ ಹತ್ತಾರು ಪುಟ್ಟ ಹೂವುಗಳ ಸಂತೆ. ಗರುಗದಲ್ಲಿ ಅಂಚಿನ ಹೂವುಗಳು ಬಿಳಿಯ ಎಳೆಗಳಂತೆ ಹೊರಕ್ಕೆ ಚಾಚಿರುತ್ತವೆ, ನಡುವಿನವು ಸಣ್ಣ ಕೊಳವೆಗಳಂತೆ ನೆಟ್ಟಗಿರುತ್ತವೆ. ಒಂದು ಭೂತಗನ್ನಡಿ ಇದ್ದರೆ ನಡುವಿನ ಕೊಳವೆಯ ಬಾಯಿಗೆ ನಾಲ್ಕು ಹಲ್ಲು ಇರುವುದನ್ನೂ ಎಣಿಸಬಹುದು. ಶಾಲೆಯ ಪ್ರಯೋಗಾಲಯಕ್ಕೆ ಇದಕ್ಕಿಂತ ಅಗ್ಗದ ಮಾದರಿ ಸಿಗಲಾರದು.

ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ, ತೊಟ್ಟು ಇಲ್ಲವೆನ್ನುವಷ್ಟು ಚಿಕ್ಕದು. ಎಲೆ ನೀಳ, ತುದಿ ಚೂಪು. ಬೆರಳಾಡಿಸಿದರೆ ಒರಟು, ಮೇಲೆಲ್ಲ ಸಣ್ಣ ಬಿಳಿ ರೋಮ. ದಂಟು ಹೆಚ್ಚಾಗಿ ಕೆಂಪು ನೇರಳೆ ಛಾಯೆಯದು, ನೆಲ ತಾಗಿದ ಗೆಣ್ಣಿನಲ್ಲೆಲ್ಲ ಬೇರು ಬಿಡುತ್ತದೆ. ಹೂವು ಉದುರಿದ ಮೇಲೆ ಉಳಿಯುವುದು ಹಸಿರು ಬಟ್ಟಲಿನಂಥ ತಟ್ಟೆ. ಅದರೊಳಗೆ ಬಲಿತಂತೆಲ್ಲ ಕಪ್ಪಾಗುವ ಬೀಜಗಳು.

ಈ ಬೀಜದಲ್ಲೊಂದು ಸ್ವಾರಸ್ಯವಿದೆ. ಸೇವಂತಿಗೆ ಕುಟುಂಬದ ಕಾಡುಗಿಡಗಳಲ್ಲಿ ಹಲವಕ್ಕೆ ಬೀಜದ ತಲೆಯ ಮೇಲೆ ರೇಷ್ಮೆಯಂಥ ಕೂದಲ ಕುಚ್ಚು ಇರುತ್ತದೆ. ಗಾಳಿ ಬೀಸಿದರೆ ಅದೇ ಅದಕ್ಕೆ ಪ್ಯಾರಾಚೂಟು. ಮಕ್ಕಳು ಊದಿ ಹಾರಿಸಿ ಆಡುವುದು ಅದನ್ನೇ. ಗರುಗದ ಬೀಜಕ್ಕೆ ಈ ಕುಚ್ಚು ಇಲ್ಲ. ಲಿನ್ನೇಯಸ್ ಮೊದಲು 1753ರಲ್ಲಿ ಬೇರೊಂದು ಜಾತಿಯೊಳಗೆ ಸೇರಿಸಿ, ಮತ್ತೆ 1771ರಲ್ಲಿ ಇದಕ್ಕೆಂದೇ ಕೊಟ್ಟ ಎಕ್ಲಿಪ್ಟ ಎಂಬ ಹೆಸರಿಗೆ ಗ್ರೀಕ್ ಮೂಲದಲ್ಲಿ ಕೊರತೆ ಎಂಬ ಅರ್ಥ ಬರುವುದು ಇದರಿಂದಲೇ. ಹಾರಲಾರದ ಬೀಜ ನೀರನ್ನು ನಂಬುತ್ತದೆ. ಕಾಲುವೆಯಲ್ಲಿ ತೇಲಿ, ಕೆಸರಿನಲ್ಲಿ ಅಂಟಿ, ಎಮ್ಮೆಯ ಗೊರಸಿಗೂ ನಾಟಿಯವರ ಕಾಲಿಗೂ ಮೆತ್ತಿಕೊಂಡು ಊರಿಂದೂರಿಗೆ ಹೋಗುತ್ತದೆ. ಗರುಗ ನೀರಿನ ದಾರಿಯಲ್ಲೇ ಏಕೆ ಇರುತ್ತದೆ ಎಂಬ ಪ್ರಶ್ನೆಗೆ ಉತ್ತರ ಅದರ ಬೀಜದಲ್ಲೇ ಇದೆ.

ಕಪ್ಪಾಗುವ ರಸ

ಗರುಗವನ್ನು ಗುರುತಿಸಲು ಹಳ್ಳಿಯವರು ಪುಸ್ತಕ ತೆರೆಯುವುದಿಲ್ಲ. ದಂಟನ್ನು ಮುರಿಯುತ್ತಾರೆ, ಇಲ್ಲವೆ ಎಲೆಯನ್ನು ಅಂಗೈಯಲ್ಲಿ ಹೊಸಕುತ್ತಾರೆ. ಮೊದಲು ಹಸಿರಾಗಿದ್ದ ರಸ ಗಾಳಿ ತಾಗಿದಂತೆ ಕಪ್ಪಿಗೆ ತಿರುಗುತ್ತದೆ, ಬೆರಳಿಗೆ ಹತ್ತಿದ ಕಲೆ ಬೇಗ ಹೋಗುವುದಿಲ್ಲ. ಭೃಂಗವೆಂದರೆ ದುಂಬಿ; ದುಂಬಿಯ ಕಪ್ಪು ಕೂದಲಿಗೆ ಬರಲಿ ಎಂಬ ಆಸೆ ಭೃಂಗರಾಜ, ಕೇಶರಾಜ ಎಂಬ ಸಂಸ್ಕೃತದ ಹೆಸರುಗಳಲ್ಲಿ ಕಾಣುತ್ತದೆ. ಕನ್ನಡದಲ್ಲಿ ಕಾಡಿಗೆ ಗರುಗ ಎಂಬ ಹೆಸರೂ ಉಂಟು. ತೆಲುಗಿನವರು ಗುಂಟಗಲಗರ ಎನ್ನುತ್ತಾರೆ. ಗುಂಟ ಎಂದರೆ ನೀರು ನಿಲ್ಲುವ ಹೊಂಡ. ನಮ್ಮ ಗರುಗ ಅದರ ಬಾಲದಲ್ಲೇ ಕೂತಿರುವಂತೆ ಕಾಣುತ್ತದಲ್ಲವೆ? ತಮಿಳಿನಲ್ಲಿ ಕರಿಸಲಾಂಗಣ್ಣಿ, ಮರಾಠಿಯಲ್ಲಿ ಮಾಕಾ, ಮಲಯಾಳದಲ್ಲಿ ಕೈಯೋನ್ನಿ. ಒಂದು ಕಳೆಗಿಡಕ್ಕೆ ಇಷ್ಟೊಂದು ಭಾಷೆಗಳಲ್ಲಿ ಅದರದೇ ಹೆಸರಿದೆ ಎಂದರೆ ಜನ ಅದನ್ನು ಕಳೆಯೆಂದು ಎಣಿಸಿರಲಿಲ್ಲ ಎಂದೇ ಅರ್ಥ.

ಡಚ್ಚರ ಅಧಿಕಾರಿ ವಾನ್ ರೀಡ್ ಮಲಬಾರಿನ ಸಸ್ಯಗಳ ಬಗ್ಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳನ್ನು ಅಚ್ಚು ಹಾಕಿಸಿದ. ಹೋರ್ತೂಸ್ ಮಲಬಾರಿಕೂಸ್ ಎಂಬ ಆ ಗ್ರಂಥದಲ್ಲಿ ಕೈಯೋನ್ನಿಗೂ ಜಾಗ ಸಿಕ್ಕಿದೆ. ಆ ಮಾಹಿತಿಯನ್ನು ಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯರು, ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ಪಂಡಿತರು. ಅವರ ಹೆಸರು ಪುಸ್ತಕದಲ್ಲೇ ಉಳಿದಿದೆ. ಅದೇ ಪಶ್ಚಿಮ ಘಟ್ಟದ ಈ ಬದಿಯಲ್ಲಿ, ಮಲೆನಾಡಿನ ಮನೆಗಳಲ್ಲಿ, ಇದೇ ಗಿಡದ ಬಗ್ಗೆ ಗೊತ್ತಿದ್ದ ಎಷ್ಟೋ ಮಂದಿಯ ಹೆಸರು ಎಲ್ಲಿಯೂ ದಾಖಲಾಗಲಿಲ್ಲ. ಅವರಲ್ಲಿ ಬಹುಪಾಲು ಹೆಂಗಸರು.

ಎಣ್ಣೆ, ಕಾಡಿಗೆ, ತಂಬುಳಿ

ಆ ಹೆಂಗಸರು ಗರುಗವನ್ನು ಬಳಸುತ್ತಿದ್ದ ಬಗೆ ಹಲವು. ಮೊದಲನೆಯದು ತಲೆಗೆ ಹಚ್ಚುವ ಎಣ್ಣೆ. ಗಿಡವನ್ನು ತೊಳೆದು, ಜಜ್ಜಿ, ರಸ ಹಿಂಡಿ, ಕೊಬ್ಬರಿ ಎಣ್ಣೆಗೆ ಸೇರಿಸಿ ಸಣ್ಣ ಉರಿಯಲ್ಲಿ ಕುದಿಸುವುದು. ಕೆಲವರು ಒಂದೆಲಗ, ನೆಲ್ಲಿಕಾಯಿ, ದಾಸವಾಳದ ಎಲೆಗಳನ್ನೂ ಹಾಕುತ್ತಾರೆ. ಎಣ್ಣೆ ಪಾಕಕ್ಕೆ ಬಂದಿದೆಯೋ ಇಲ್ಲವೋ ತಿಳಿಯಲು ಒಂದು ಬತ್ತಿಯನ್ನು ಅದರಲ್ಲಿ ಅದ್ದಿ ಹಚ್ಚುತ್ತಾರೆ. ಚಟಪಟ ಸದ್ದು ಬಂದರೆ ನೀರಿನಂಶ ಇನ್ನೂ ಇದೆ. ಸದ್ದಿಲ್ಲದೆ ಉರಿದರೆ ಇಳಿಸಬಹುದು. ನೀರಿನಂಶ ಉಳಿದರೆ ಎಣ್ಣೆ ಕೆಡುತ್ತದೆ ಎಂಬುದನ್ನು ಇಷ್ಟು ಸುಲಭವಾಗಿ ಪರೀಕ್ಷಿಸುವ ವಿಧಾನ ರಸಾಯನಶಾಸ್ತ್ರದ ಮೇಷ್ಟ್ರಿಗೂ ಮೆಚ್ಚುಗೆಯಾದೀತು.

ಎರಡನೆಯದು ಕಾಡಿಗೆ. ಬಿಳಿಯ ಹತ್ತಿ ಬಟ್ಟೆಯನ್ನು ಗರುಗದ ರಸದಲ್ಲಿ ನೆನೆಸಿ ನೆರಳಲ್ಲಿ ಒಣಗಿಸುವುದು, ಮತ್ತೆ ನೆನೆಸುವುದು, ಮತ್ತೆ ಒಣಗಿಸುವುದು. ಆ ಬಟ್ಟೆಯ ಬತ್ತಿ ಹೊಸೆದು ಹರಳೆಣ್ಣೆಯ ದೀಪ ಹಚ್ಚಿ, ಮೇಲೆ ತಾಮ್ರದ ಇಲ್ಲವೆ ಹಿತ್ತಾಳೆಯ ಪಾತ್ರೆ ಕವುಚಿದರೆ ಬೆಳಗಾಗುವಷ್ಟರಲ್ಲಿ ಮಸಿ ಕೂತಿರುತ್ತದೆ. ಅದನ್ನು ಕೆರೆದು ತುಪ್ಪದಲ್ಲಿ ಕಲಸಿದರೆ ಮನೆಯ ಕಾಡಿಗೆ ಸಿದ್ಧ. ಇದನ್ನು ಕಲೆಯೆಂದು ನೆನಪಿಟ್ಟುಕೊಳ್ಳೋಣ, ಆದರೆ ಎಳೆಮಕ್ಕಳ ಕಣ್ಣಿಗೆ ಯಾವ ಕಾಡಿಗೆಯನ್ನೂ ಹಚ್ಚಬಾರದೆಂದು ಮಕ್ಕಳ ವೈದ್ಯರು ಹೇಳುತ್ತಾರೆ. ಸೋಂಕು ತಗಲುವ ಭಯ ಇದ್ದೇ ಇದೆ. ದೃಷ್ಟಿಬೊಟ್ಟು ಕೆನ್ನೆಯ ಮೇಲಿದ್ದರೆ ಸಾಕು.

ಮೂರನೆಯದು ತಂಬುಳಿ. ಮಲೆನಾಡಿನ ಊಟಕ್ಕೆ ತಂಬುಳಿ ಇಲ್ಲದೆ ಮುಗಿತಾಯವಿಲ್ಲ. ಹಿತ್ತಲಲ್ಲಿ ಸಿಕ್ಕ ಯಾವ ಕುಡಿಯನ್ನಾದರೂ ತಂಬುಳಿ ಮಾಡಿಯಾರು ಎಂದು ಬಯಲುಸೀಮೆಯ ನೆಂಟರು ತಮಾಷೆ ಮಾಡುವುದುಂಟು. ಗರುಗದ ಎಳೆಯ ಕುಡಿಯನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಳುಮೆಣಸು, ಕಾಯಿತುರಿಯೊಡನೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಸ್ವಲ್ಪ ಕಹಿ, ಸ್ವಲ್ಪ ಒಗರಿನ ತಂಬುಳಿ. ಇಲ್ಲಿ ಮದ್ದು ಯಾವುದು, ಊಟ ಯಾವುದು ಎಂದು ಗೆರೆ ಎಳೆಯುವುದು ಕಷ್ಟ. ಹಲವು ಮನೆಗಳಲ್ಲಿ ಶ್ರಾದ್ಧದ ದಿನ ತುಳಸಿಯ ಜೊತೆಗೆ ಗರುಗದ ಎಲೆಯೂ ಬೇಕು. ವರ್ಷಕ್ಕೊಮ್ಮೆಯಾದರೂ ಮನೆಯ ಹುಡುಗನೊಬ್ಬ ಅದನ್ನು ಹುಡುಕಿಕೊಂಡು ಗದ್ದೆಗೆ ಹೋಗಲೇಬೇಕಾಗಿತ್ತು.

ನಾಲ್ಕನೆಯದು ನಾಟಿಯವರ ಮದ್ದು. ದಿನವಿಡೀ ಕೆಸರಲ್ಲಿ ನಿಂತ ಹೆಂಗಸರ ಕಾಲ್ಬೆರಳ ಸಂದಿಯಲ್ಲಿ ಆಗುವ ಕೆಸರುಹುಣ್ಣಿಗೆ ಗರುಗದ ರಸ ಹಿಂಡುವ ರೂಢಿಯಿದೆ. ಕತ್ತಿ ತಾಗಿದ ಗಾಯಕ್ಕೂ ಅದೇ. ಕೆಸರಿನ ಹುಣ್ಣಿಗೆ ಕೆಸರಿನಲ್ಲೇ ಮದ್ದು, ಅದೂ ಕೈಗೆಟುಕುವಷ್ಟು ದೂರದಲ್ಲಿ.

ಗುರುತಿಸುವ ಕಣ್ಣು

ಸಾಗರದಿಂದ ಬಟ್ಟೆಮಲ್ಲಪ್ಪದ ಮೇಲೆ ಹೊಸನಗರಕ್ಕೆ ಹೋಗುವ ದಾರಿಯಲ್ಲಿ ಕಾಡು, ತೋಟ, ಗದ್ದೆಗಳು ಒಂದರ ಹಿಂದೊಂದು ಬರುತ್ತವೆ. ಗುಡ್ಡದ ಮೇಲೆ ಸೊಪ್ಪಿನ ಬೆಟ್ಟ, ಇಳಿಜಾರಿನ ತಗ್ಗಿನಲ್ಲಿ ಅಡಿಕೆ ತೋಟ, ಅದರ ಕೆಳಗೆ ಗದ್ದೆ. ಹೊಸನಗರದ ಬದಿಯ ಒಂದು ತೋಟದ ಮನೆಯಲ್ಲಿ ಶಾಲೆಗೆ ರಜೆಯಿದ್ದ ಮೊಮ್ಮಗ ಅಜ್ಜಿಗೆಂದು ಒಂದು ಹಿಡಿ ಗರುಗ ಕಿತ್ತು ತಂದಿದ್ದ. ಅಜ್ಜಿ ಜಗಲಿಯಲ್ಲಿ ಕೂತು ಒಂದೊಂದೇ ದಂಟನ್ನು ಬೇರೆ ಮಾಡಿದರು. "ಇದಲ್ಲ ಮಾಣಿ, ಇದು ಹೊನಗೊನ್ನೆ. ಇದೂ ಅಲ್ಲ. ದಂಟು ಮುರಿದು ನೋಡು, ಕಪ್ಪಾಗ್ತದಾ?" ಒಂದು ಹಿಡಿಯಲ್ಲಿ ಮೂರು ಗಿಡಗಳಿದ್ದವು. ಹುಡುಗ ಮತ್ತೆ ಗದ್ದೆಗೆ ಓಡಿದ.

ಈ ಮೂರನ್ನು ನಾವೂ ತಿಳಿದಿರುವುದು ಒಳ್ಳೆಯದು. ಹೊನಗೊನ್ನೆ ಗರುಗದ ಪಕ್ಕದಲ್ಲೇ ಬೆಳೆಯುವ ತಿನ್ನುವ ಸೊಪ್ಪು. ಅದರ ಬಿಳಿ ಹೂವು ಎಲೆಯ ಕಂಕುಳಲ್ಲಿ ತೊಟ್ಟಿಲ್ಲದೆ ಅಂಟಿಕೊಂಡಿರುತ್ತದೆ. ಅದು ಸೇವಂತಿಗೆ ಕುಟುಂಬದ್ದೇ ಅಲ್ಲ. ಎರಡನೆಯದು ಟ್ರೈಡ್ಯಾಕ್ಸ್. ಉಷ್ಣವಲಯದ ಅಮೆರಿಕದಿಂದ ಬಂದು ರಸ್ತೆಬದಿಯಲ್ಲೆಲ್ಲ ನೆಲೆಸಿರುವ ಗಿಡ. ಉದ್ದ ತೊಟ್ಟಿನ ತುದಿಯಲ್ಲಿ ಹಳದಿ ನಡುವಿನ ಹೂವು, ಅಂಚಿನಲ್ಲಿ ಮಾಸಲು ಬಿಳಿಯ ನಾಲ್ಕೈದು ಎಸಳು. ಎಲೆ ಹರಿದಂತೆ ಕಚ್ಚು ಕಚ್ಚು, ಬೀಜಕ್ಕೆ ಹಾರುವ ಕುಚ್ಚು. ಇದನ್ನೂ ಗಾಯಕ್ಕೆ ಹಿಂಡುವುದುಂಟು, ಆದರೆ ಇದನ್ನೇ ಭೃಂಗರಾಜವೆಂದು ತಿಳಿದು ಎಣ್ಣೆ ಕಾಯಿಸುವವರೂ ಇದ್ದಾರೆ. ಹಳದಿ ಹೂವಿನ ಗರುಗ ಇನ್ನೊಂದು ಬೇರೆ ಗಿಡ. ಅದನ್ನು ಪೀತ ಭೃಂಗರಾಜವೆಂದು ವೈದ್ಯರು ಬಳಸುತ್ತಾರೆ. ಈಗ ಮನೆಯಂಗಳದಲ್ಲಿ ಅಲಂಕಾರಕ್ಕೆ ನೆಟ್ಟು ಬೇಲಿ ದಾಟಿ ಹಬ್ಬಿರುವ ಹಳದಿ ಹೂವಿನ ಬಳ್ಳಿಯೂ ಅದೇ ಕುಟುಂಬದ್ದು, ಅದೂ ಅಮೆರಿಕದ ಕಡೆಯದು, ಅದು ಈ ಪೀತ ಭೃಂಗರಾಜವಲ್ಲ. ಹೆಸರು ಒಂದು, ಗಿಡ ಹಲವು. ನಾಟಿ ಮದ್ದಿನ ಅರ್ಧ ವಿದ್ಯೆ ಈ ಗುರುತು ಹಿಡಿಯುವುದರಲ್ಲೇ ಇದೆ.

ಕಾಮಾಲೆಯ ಮಾತು

ಗರುಗಕ್ಕೆ ತಲೆಗೂದಲಿಗಿಂತ ದೊಡ್ಡ ಹೆಸರು ಬಂದಿರುವುದು ಕಾಮಾಲೆಯ ಮದ್ದಾಗಿ. ಮಲೆನಾಡಿನಲ್ಲಿ ಯಾರಿಗಾದರೂ ಕಣ್ಣು ಹಳದಿಯಾಯಿತೆಂದರೆ ಯಾವ ಊರಿನ ಯಾರ ಮನೆಗೆ ಹೋಗಬೇಕೆಂದು ಸುತ್ತಲಿನ ಹತ್ತು ಹಳ್ಳಿಗೆ ಗೊತ್ತಿರುತ್ತದೆ. ಬೆಳಗ್ಗೆ ಬರಿಹೊಟ್ಟೆಯಲ್ಲಿ ಹಾಲಿಗೋ ಮಜ್ಜಿಗೆಗೋ ಬೆರೆಸಿದ ಸೊಪ್ಪಿನ ರಸ, ಕೆಲವು ದಿನ ಎಣ್ಣೆ, ಖಾರ ಬಿಟ್ಟ ಪಥ್ಯ. ಆ ಸೊಪ್ಪು ಕೆಲವರಲ್ಲಿ ಗರುಗ, ಕೆಲವರಲ್ಲಿ ನೆಲನೆಲ್ಲಿ, ಕೆಲವರಲ್ಲಿ ಎರಡೂ. ಕೆಲವರು ಹಣ ಮುಟ್ಟುವುದಿಲ್ಲ, ತೆಂಗಿನಕಾಯಿ ಇಟ್ಟರೆ ಸಾಕು.

ವಿಜ್ಞಾನ ಈ ನಂಬಿಕೆಯನ್ನು ತಳ್ಳಿಹಾಕಿಲ್ಲ, ಪರೀಕ್ಷಿಸಿ ನೋಡಿದೆ. 1956ರಲ್ಲಿ ಮದ್ರಾಸಿನ ರಸಾಯನ ವಿಜ್ಞಾನಿ ಟಿ. ಆರ್. ಗೋವಿಂದಾಚಾರಿ ಮತ್ತು ಸಂಗಡಿಗರು ಹಳದಿ ಗರುಗದಿಂದ ವೆಡೆಲೊಲ್ಯಾಕ್ಟೋನ್ ಎಂಬ ವಸ್ತುವನ್ನು ಬೇರ್ಪಡಿಸಿ ಅದರ ರಚನೆಯನ್ನು ತಿಳಿಸಿದರು. ಅದೇ ವಸ್ತು ಬಿಳಿ ಗರುಗದಲ್ಲೂ ಇದೆ. ಯಕೃತ್ತಿನ ಮೇಲೆ ಈ ಎರಡೂ ಗಿಡಗಳು ತೋರುವ ಗುಣಕ್ಕೆ ಈ ಬಗೆಯ ವಸ್ತುಗಳೇ ಮುಖ್ಯ ಕಾರಣವೆಂದು 1986ರಲ್ಲಿ ಜರ್ಮನಿಯ ವಿಜ್ಞಾನಿಗಳು ಪ್ರಕಟಿಸಿದರು. ಪ್ರಯೋಗಾಲಯದ ಪ್ರಾಣಿಗಳಲ್ಲಿ, ವಿಷವಸ್ತುಗಳಿಂದ ಯಕೃತ್ತಿಗೆ ಆಗುವ ಹಾನಿಯನ್ನು ಗರುಗದ ಸಾರ ತಗ್ಗಿಸಿದ್ದು ಹಲವು ಸಲ ಕಂಡಿದೆ. ಅಜ್ಜಿಯರು ಕುರುಡಾಗಿ ನಂಬಿದ್ದರೆಂದು ಹೇಳುವಂತಿಲ್ಲ.

ಆದರೆ ಪ್ರಾಣಿಯಲ್ಲಿ ಕಂಡದ್ದು ಮನುಷ್ಯರ ರೋಗಕ್ಕೆ ಮದ್ದಾಗಿಬಿಡುವುದಿಲ್ಲ. ನೆಲನೆಲ್ಲಿಯ ಕಥೆ ಇದಕ್ಕೆ ಸಾಕ್ಷಿ. 1988ರಲ್ಲಿ ಮದ್ರಾಸಿನ ಸಂಶೋಧಕರು ಹೆಪಟೈಟಿಸ್ ಬಿ ವೈರಾಣು ಇದ್ದವರಲ್ಲಿ ನೆಲನೆಲ್ಲಿ ಒಳ್ಳೆಯ ಫಲ ಕೊಟ್ಟಿತೆಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಾಗ ಜಗತ್ತೇ ತಿರುಗಿ ನೋಡಿತು. ಮುಂದೆ ಬೇರೆ ಕಡೆ ನಡೆದ ಪರೀಕ್ಷೆಗಳಲ್ಲಿ ಆ ಫಲ ಮತ್ತೆ ಸಿಗಲಿಲ್ಲ. ಗರುಗದ ವಿಷಯದಲ್ಲೂ ಇದೇ ಎಚ್ಚರ ಬೇಕು. ಬ್ರೆಜಿಲಿನ ವಿಜ್ಞಾನಿಗಳು 1989ರಲ್ಲಿ ಗರುಗದ ಸಾರ ಅಲ್ಲಿನ ಒಂದು ಹಾವಿನ ವಿಷವನ್ನು ಪ್ರಯೋಗಾಲಯದಲ್ಲಿ ತಡೆಯಿತೆಂದು ತೋರಿಸಿದ್ದಾರೆ. ಅದನ್ನು ಓದಿ ಯಾರಾದರೂ ಹಾವು ಕಚ್ಚಿದವರಿಗೆ ಸೊಪ್ಪು ಹಿಂಡುತ್ತ ಕೂತರೆ ಜೀವ ಹೋದೀತು. ಹಾವು ಕಚ್ಚಿದರೆ ದಾರಿ ಒಂದೇ, ಆಸ್ಪತ್ರೆಯ ದಾರಿ.

ಕಾಮಾಲೆ ಎಂಬುದು ಒಂದು ರೋಗದ ಹೆಸರಲ್ಲ, ಹಲವು ರೋಗಗಳ ಲಕ್ಷಣ ಎಂಬುದನ್ನು ತಂದೆತಾಯಿಗಳು ಮುಖ್ಯವಾಗಿ ಗಮನಿಸಬೇಕು. ಕೆಟ್ಟ ನೀರಿನಿಂದ ಮಕ್ಕಳಿಗೆ ಬರುವ ಹೆಪಟೈಟಿಸ್ ಎ ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಗುಣವಾಗುತ್ತದೆ. ಆ ವಾರಗಳಲ್ಲಿ ಏನು ಕೊಟ್ಟಿದ್ದರೂ ಕೀರ್ತಿ ಅದಕ್ಕೇ. ಕಾಮಾಲೆಯ ಮದ್ದಿಗೆ ಇಷ್ಟು ಹೆಸರಿರುವುದಕ್ಕೆ ಇದೂ ಒಂದು ಕಾರಣ. ಆದರೆ ನೀರಿನಿಂದಲೇ ಬರುವ ಹೆಪಟೈಟಿಸ್ ಇ ಗರ್ಭಿಣಿಯರಿಗೆ ಪ್ರಾಣಾಂತಿಕವಾಗಬಹುದು. ಹೆಪಟೈಟಿಸ್ ಬಿ ಒಳಗೇ ಉಳಿದು ವರ್ಷಗಳ ಮೇಲೆ ಯಕೃತ್ತನ್ನು ಹಾಳುಮಾಡಬಹುದು. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿದರೂ ಕಣ್ಣು ಹಳದಿಯೇ.

ಕೆಸರಿನ ಇನ್ನೊಂದು ಮುಖ

ಈ ಮೂರು ತಾಲ್ಲೂಕುಗಳ ಮಟ್ಟಿಗೆ ಇನ್ನೊಂದು ಕಾರಣವನ್ನು ಬೇರೆಯಾಗಿಯೇ ಹೇಳಬೇಕು. ಅದು ಇಲಿಜ್ವರ. ಇಲಿ, ಹೆಗ್ಗಣಗಳ ಮೂತ್ರದಿಂದ ನೀರಿಗೆ, ಕೆಸರಿಗೆ ಸೇರುವ ಲೆಪ್ಟೋಸ್ಪೈರ ಎಂಬ ರೋಗಾಣು ಕಾಲಿನ ಗಾಯ, ಬಿರುಕುಗಳ ಮೂಲಕ ಒಳಹೊಗುತ್ತದೆ. ಜ್ವರ, ಮೈಕೈ ನೋವು, ಮೀನಖಂಡದಲ್ಲಿ ವಿಪರೀತ ನೋವು, ಕೆಂಪಾದ ಕಣ್ಣು; ರೋಗ ಉಲ್ಬಣಿಸಿದರೆ ಕಣ್ಣು, ಮೈ ಹಳದಿ, ಮೂತ್ರಪಿಂಡಕ್ಕೂ ಪೆಟ್ಟು. ಗದ್ದೆ, ತೋಟಗಳಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೆ ಇದರ ಭಯ ಹೆಚ್ಚು.

ಗರುಗ ಬೆಳೆಯುವ ಕೆಸರಿನಲ್ಲೇ ಈ ರೋಗಾಣುವೂ ಇರುತ್ತದೆ. ಇಲಿಜ್ವರಕ್ಕೆ ಒಳ್ಳೆಯ ಔಷಧಗಳಿವೆ, ಆದರೆ ಬೇಗ ಕೊಡಬೇಕು. ಜ್ವರದೊಡನೆ ಕಣ್ಣು ಹಳದಿಯಾದವರನ್ನು ಬರಿಯ ಕಾಮಾಲೆಯೆಂದು ಎಣಿಸಿ ಒಂದು ವಾರ ಸೊಪ್ಪಿನ ರಸ ಕುಡಿಸುತ್ತ ಕಾದರೆ ಆ ವಾರವೇ ಕೈಮೀರಬಹುದು. ಹೊಸನಗರದ ಬದಿಯಲ್ಲಿ ಮಾತಿಗೆ ಸಿಕ್ಕ ಒಬ್ಬ ಹಿರಿಯ ನಾಟಿ ವೈದ್ಯರು ಇದನ್ನು ಚೆನ್ನಾಗಿ ಅರಿತವರು. "ಜ್ವರ ಇದ್ದರೆ ನಾನು ಸೊಪ್ಪು ಮುಟ್ಟುವುದಿಲ್ಲ, ಮೊದಲು ರಕ್ತ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಅಂತೇನೆ. ನಮ್ಮ ಅಪ್ಪಯ್ಯನೂ ಅಷ್ಟೇ, ಕೈಲಾಗದ್ದನ್ನು ಕೈಲಾಗದು ಅಂತಿದ್ದರು" ಎಂದರು. ನಾಟಿ ಮದ್ದಿನ ಉಳಿದರ್ಧ ವಿದ್ಯೆ ಇದು: ಎಲ್ಲಿ ನಿಲ್ಲಬೇಕೆಂದು ಗೊತ್ತಿರುವುದು. ಎಳೆಗೂಸಿಗೆ ಕಾಮಾಲೆ ಕಂಡರೂ, ಗರ್ಭಿಣಿಗೆ ಕಂಡರೂ, ಕಾಮಾಲೆಯೊಡನೆ ಜ್ವರ, ವಾಂತಿ, ಮಂಪರು ಇದ್ದರೂ ಮನೆಮದ್ದಿನ ಮಾತೇ ಬೇಡ. ಗಿಡ ಕೀಳಲು ಕೆಸರಿಗೆ ಇಳಿಯುವ ಮಕ್ಕಳ ಕಾಲಲ್ಲಿ ಗಾಯವಿದ್ದರೆ ಇಳಿಸಬಾರದು, ಮೇಲೆ ಬಂದ ಮೇಲೆ ಸೋಪು ಹಚ್ಚಿ ತೊಳೆಸಬೇಕು.

ಬದುವಿಗೆ ಬಿದ್ದ ವಿಷ

ಹೊಸನಗರದಿಂದ ರಿಪ್ಪನ್‌ಪೇಟೆ, ಕೋಣಂದೂರುಗಳ ಮೇಲೆ ತೀರ್ಥಹಳ್ಳಿಗೆ ಬರುವಾಗ ಕಿಟಕಿಯ ಹೊರಗೆ ಒಂದು ಬದಲಾವಣೆ ಕಣ್ಣಿಗೆ ಹೊಡೆಯುತ್ತದೆ. ಹಿಂದೆ ಗದ್ದೆಯಾಗಿದ್ದ ಬಯಲಲ್ಲಿ ಈಗ ಅಡಿಕೆಯ ಸಸಿಗಳ ಸಾಲು. ಭತ್ತದಲ್ಲಿ ಹುಟ್ಟುವಳಿಗಿಂತ ಖರ್ಚು ಹೆಚ್ಚು, ಕೆಲಸಕ್ಕೆ ಜನ ಸಿಗುವುದಿಲ್ಲ, ಅಡಿಕೆಗೆ ಬೆಲೆಯಿದೆ. ರೈತರನ್ನು ದೂರಿ ಪ್ರಯೋಜನವಿಲ್ಲ. ಆದರೆ ಗದ್ದೆ ಹೋದರೆ ಗದ್ದೆಯಂಚೂ ಹೋಗುತ್ತದೆ, ಅಂಚಿನ ಮೇಲಿನ ಹತ್ತಾರು ಸೊಪ್ಪುಗಳೂ ಹೋಗುತ್ತವೆ.

ಅಂಚು ಉಳಿದ ಕಡೆ ಇನ್ನೊಂದು ತೊಂದರೆ. ಹಿಂದೆ ಕತ್ತಿ ಹಿಡಿದು ಸವರುತ್ತಿದ್ದ ಹುಲ್ಲಿಗೆ ಈಗ ಹಲವು ಕಡೆ ಕಳೆನಾಶಕ ಹೊಡೆಯುತ್ತಾರೆ. ಕತ್ತಿ ತಾಗಿದ ಗರುಗ ಗೆಣ್ಣಿನಿಂದ ಮತ್ತೆ ಚಿಗುರುತ್ತದೆ, ಔಷಧಿ ಬಿದ್ದದ್ದು ಬುಡಸಹಿತ ಒಣಗುತ್ತದೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಗ್ಲೈಫೋಸೇಟ್ ಎಂಬ ಕಳೆನಾಶಕದ ಸಿಂಪಡಣೆಯನ್ನು ಕೀಟ ನಿಯಂತ್ರಣದ ಪರವಾನಗಿ ಉಳ್ಳವರಿಗಷ್ಟೇ ಸೀಮಿತಗೊಳಿಸಿ ಅಧಿಸೂಚನೆ ಹೊರಡಿಸಿತು. ಗದ್ದೆಯಂಚಿನಲ್ಲಿ ನಿಂತು ಅಧಿಸೂಚನೆ ಓದುವವರು ಕಡಿಮೆ. ಇಲ್ಲಿ ಗಿಡ ನಾಶವಾಗುವುದಷ್ಟೇ ಅಲ್ಲ ಪ್ರಶ್ನೆ. ನಿನ್ನೆ ಔಷಧಿ ಹೊಡೆದ ಅಂಚಿನಿಂದ, ಇನ್ನೂ ಬಾಡದ ಗಿಡವನ್ನು ಇಂದು ಕಿತ್ತು ತಂದು ತಂಬುಳಿ ಮಾಡಿದರೆ ಮನೆಯವರು ಕುಡಿಯುವುದು ಏನನ್ನು? ಯಾವ ಅಂಚಿಗೆ ಯಾವಾಗ ಏನು ಹೊಡೆದಿದ್ದಾರೆಂದು ಕೇಳಿ ತಿಳಿಯದೆ ಯಾವ ಸೊಪ್ಪನ್ನೂ ತಿನ್ನಬಾರದು ಎಂಬುದು ನಮ್ಮ ಕಾಲದ ಹೊಸ ಪಥ್ಯ.

ತೀರ್ಥಹಳ್ಳಿಯಿಂದ ಮೇಲೆ ಆಗುಂಬೆಯ ಕಾಡಿನಲ್ಲಿ, 1990ರ ದಶಕದಲ್ಲಿ ಅರಣ್ಯ ಇಲಾಖೆಯೂ ಬೆಂಗಳೂರಿನ ಸ್ಥಳೀಯ ಆರೋಗ್ಯ ಪರಂಪರೆಗಳ ಪುನಶ್ಚೇತನ ಪ್ರತಿಷ್ಠಾನವೂ ಸೇರಿ ಗುರುತಿಸಿದ ಔಷಧಿ ಸಸ್ಯ ಸಂರಕ್ಷಣಾ ಪ್ರದೇಶವೊಂದಿದೆ. ಅಪರೂಪದ ಮರ, ಬಳ್ಳಿಗಳಿಗೆ ಅದು ಆಶ್ರಯ. ಗರುಗಕ್ಕೆ ಅಂಥ ಕಾವಲು ಇಲ್ಲ, ಬೇಕೆಂದೂ ಇಲ್ಲ. ಅದು ಕಾಡಿನ ಗಿಡವಲ್ಲ, ಮನುಷ್ಯ ಕೆಸರು ಮಾಡಿದ ಕಡೆ ಅವನ ಹಿಂದೆಯೇ ಬರುವ ಗಿಡ. ಉಷ್ಣವಲಯದ ದೇಶಗಳಲ್ಲೆಲ್ಲ ಇದೆ, ಚೀನಾದ ವೈದ್ಯದಲ್ಲೂ ಇದೆ. ಗರುಗ ಭೂಮಿಯಿಂದ ಅಳಿದುಹೋಗುವ ಭಯವಿಲ್ಲ. ಅಳಿಯುತ್ತಿರುವುದು ಅದನ್ನು ಕಂಡಾಗ "ಇದು ಗರುಗ" ಎನ್ನಬಲ್ಲ ಕಣ್ಣು. ಪೇಟೆಯ ಅಂಗಡಿಯಲ್ಲಿ ಭೃಂಗರಾಜದ ಎಣ್ಣೆಯ ಸೀಸೆ ಕೊಂಡು ತರುವ ಹುಡುಗಿ, ಆ ಸೀಸೆಯ ಮೇಲಿನ ಚಿತ್ರದ ಗಿಡವನ್ನೇ ತುಳಿದುಕೊಂಡು ಮನೆಗೆ ಹೋಗುತ್ತಾಳೆ.

ಮಕ್ಕಳು ಮಾಡಬಹುದಾದದ್ದು

ಇದಕ್ಕೆ ಪರಿಹಾರ ದುಬಾರಿಯದಲ್ಲ. ದಪ್ಪ ಕಾಗದದ ಒಂದು ಪುಸ್ತಕ, ಹಳೆಯ ಪತ್ರಿಕೆಗಳ ಒಂದು ಕಟ್ಟು ಇದ್ದರೆ ವಿದ್ಯಾರ್ಥಿಯೊಬ್ಬ ತನ್ನ ಊರಿನ ಸಸ್ಯಸಂಗ್ರಹ ಶುರುಮಾಡಬಹುದು. ಹೂವಿರುವ ಒಂದು ಕೊಂಬೆಯನ್ನು ಪತ್ರಿಕೆಯ ಹಾಳೆಗಳ ನಡುವೆ ಹರಡಿ, ಮೇಲೆ ಭಾರ ಹೇರಿ, ಹಾಳೆಗಳನ್ನು ದಿನವೂ ಬದಲಾಯಿಸಿದರೆ ವಾರದೊಳಗೆ ಒಣಗುತ್ತದೆ. ಅಂಟಿಸಿದ ಮೇಲೆ ಕೆಳಗೆ ಬರೆಯಬೇಕಾದದ್ದು ಐದು ವಿಷಯ: ಸಿಕ್ಕ ಜಾಗ, ದಿನಾಂಕ, ಮನೆಯಲ್ಲಿ ಕರೆಯುವ ಹೆಸರು, ಯಾವುದಕ್ಕೆ ಬಳಸುತ್ತಾರೆ, ಹೇಳಿದವರು ಯಾರು. ಕೊನೆಯದನ್ನು ಮರೆಯಬಾರದು. ವಾನ್ ರೀಡನಂಥ ಪರದೇಶದವನೇ ತನಗೆ ಹೇಳಿಕೊಟ್ಟವರ ಹೆಸರನ್ನು ಉಳಿಸಿದ. ನಮ್ಮ ಅಜ್ಜಿಯ ಹೆಸರನ್ನು ನಾವು ಬರೆಯದಿದ್ದರೆ ಹೇಗೆ?

2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿಯಿರಬೇಕು, ಅಲ್ಲಿನ ಗಿಡಮರ, ಪ್ರಾಣಿಪಕ್ಷಿ, ತಿಳಿವಳಿಕೆಗಳ ಜನತಾ ದಾಖಲೆ ಸಿದ್ಧವಾಗಬೇಕು. ಅದು ಕಚೇರಿಯ ಕಪಾಟಿನ ಕಡತವಾಗದೆ ಜೀವಂತ ಪುಸ್ತಕವಾಗಬೇಕಾದರೆ ಊರಿನ ಶಾಲೆಯ ಮಕ್ಕಳು, ಮೇಷ್ಟ್ರುಗಳು ಕೈಹಾಕಬೇಕು. ಯಾವ ಕೆರೆಯ ಬಳಿ ಗರುಗ ಇತ್ತು, ಈಗ ಇದೆಯೇ, ಯಾವ ವರ್ಷ ಕಾಣೆಯಾಯಿತು ಎಂಬ ಸಣ್ಣ ಟಿಪ್ಪಣಿಯೂ ಇಪ್ಪತ್ತು ವರ್ಷ ಕಳೆದ ಮೇಲೆ ಬೆಲೆಬಾಳುವ ದಾಖಲೆ.

ಪೇಟೆಯ ಮನೆಯವರಿಗೂ ಇದು ದೂರದ ಮಾತಲ್ಲ. ಗರುಗದ ಒಂದು ದಂಟನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಹಳೆಯ ಬಕೆಟ್ಟಿನ ಒದ್ದೆ ಮಣ್ಣಿಗೆ ಚುಚ್ಚಿ, ತೇವ ಆರದಂತೆ ನೋಡಿಕೊಂಡರೆ ಕೆಲವೇ ದಿನಗಳಲ್ಲಿ ಬೇರು ಬಿಡುತ್ತದೆ. ಬಾವಿಕಟ್ಟೆಯ ಪಕ್ಕ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅದಕ್ಕೆ ಇಷ್ಟದ ಜಾಗ, ಆದರೆ ಸೋಪಿನ ನೀರು ಬೀಳಬಾರದು. ಹೀಗೆ ಬೆಳೆದ ಗಿಡಕ್ಕೆ ಕಳೆನಾಶಕದ ಭಯವಿಲ್ಲ, ಚರಂಡಿಯ ನೀರಿನ ಭಯವೂ ಇಲ್ಲ.

ಮಲೆನಾಡಿಗೆ ಮುಂದಿನ ಸಲ ಮಕ್ಕಳನ್ನು ಕರೆದುಕೊಂಡು ಹೋದಾಗ ಜೋಗವನ್ನೂ ತೋರಿಸಿ, ಇಕ್ಕೇರಿಯನ್ನೂ ತೋರಿಸಿ. ದಾರಿಯಲ್ಲಿ ಒಂದು ಗದ್ದೆಯ ಬಳಿ ಗಾಡಿ ನಿಲ್ಲಿಸಿ, ಅಲ್ಲಿ ಕೆಲಸ ಮಾಡುತ್ತಿರುವ ಅಮ್ಮನನ್ನು ಕೇಳಿ, ಗರುಗ ಯಾವುದೆಂದು ತೋರಿಸಿಕೊಳ್ಳಿ. ದಂಟನ್ನು ಮಕ್ಕಳ ಕೈಯಲ್ಲೇ ಮುರಿಸಿ. ಬೆರಳಿಗೆ ಹತ್ತಿದ ಕಪ್ಪು ಎರಡು ದಿನದಲ್ಲಿ ಹೋದೀತು, ಗಿಡದ ಗುರುತು ಹೋಗದು.